ರೂಬಿ ಕ್ಲಾಸಿಗೆ ತೇಪೆ ಹಾಕುವ ಮುನ್ನ

ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕ್ಲಾಸನ್ನು ಒಮ್ಮೆ ಬರೆದರೆ ಮುಗಿಯಿತು ಎಂಬುದಿಲ್ಲ. ಭಾಷೆಯ ಜೊತೆಗೇ ಬರುವ ಸ್ಟ್ರಿಂಗ್, ಅರೇ ಇರಲಿ, ಯಾರೋ ಬರೆದ ಜೆಮ್‌ನ (ರೂಬಿ ಲೈಬ್ರರಿಯ) ಕ್ಲಾಸ್ ಇರಲಿ, ಪ್ರೋಗ್ರಾಂ ಓಡುತ್ತಿರುವಾಗಲೇ ಅದಕ್ಕೆ ಮೆಥಡ್ ಸೇರಿಸಬಹುದು, ಇದ್ದದ್ದನ್ನು ಬದಲಿಸಬಹುದು. ಜೆಮ್‌ನ ದೋಷ ಸರಿಪಡಿಸಿದ ಆವೃತ್ತಿ ಬರುವವರೆಗೆ ಕಾಯಲಾಗದಿದ್ದರೆ ಹೀಗೆ ಹೊರಗಿನಿಂದ ತೇಪೆ ಹಾಕುವ ಮಂಕಿ ಪ್ಯಾಚ್ ಸರಿಯಾದ ದಾರಿಯೇ. ಕೆಡುವುದು ಹಾಕುವ ರೀತಿಯಲ್ಲಿ.

ಬಹಳ ಮಂದಿ ಅದೇ ಹೆಸರಿನ ಕ್ಲಾಸನ್ನು ಮತ್ತೆ ತೆರೆದು ಮೆಥಡ್ ಬರೆದುಬಿಡುತ್ತಾರೆ. ಆಗ ಹಳೆಯ ಮೆಥಡ್ ಸದ್ದಿಲ್ಲದೆ ಹೋಗುತ್ತದೆ. ಎಚ್ಚರಿಕೆಗಳನ್ನು ಆನ್ ಮಾಡಿರದಿದ್ದರೆ ಒಂದು ಸಾಲೂ ಕಾಣದು. ಜೆಮ್ ಇನ್ನೂ ಲೋಡ್ ಆಗಿರದಿದ್ದರಂತೂ ನೀವು ಕ್ಲಾಸನ್ನು ತೆರೆದದ್ದೇ ಅಲ್ಲ, ಹೊಸದೊಂದನ್ನು ಹುಟ್ಟಿಸಿದ್ದೀರಿ. ಆಮೇಲೆ ಬರುವ ಜೆಮ್ ನಿಮ್ಮ ಮೆಥಡನ್ನು ಅಳಿಸಿ ತನ್ನದನ್ನು ಕೂರಿಸುತ್ತದೆ, ಇಲ್ಲವೇ ಸೂಪರ್‌ಕ್ಲಾಸ್ ಹೊಂದುತ್ತಿಲ್ಲವೆಂದು ಟೈಪ್ ಎರರ್ ಕೊಡುತ್ತದೆ.

2013ರ ರೂಬಿ 2.0ರಿಂದ, ಮಾಡ್ಯೂಲನ್ನು (ಮೆಥಡ್‌ಗಳ ಕಟ್ಟನ್ನು) ಕ್ಲಾಸಿನ ಮುಂದೆ ಕೂರಿಸುವ ಪ್ರಿಪೆಂಡ್ ಇದೆ, ಅದನ್ನೇ ಬಳಸಿ. ಬದಲಾವಣೆಯನ್ನು ಹೆಸರಿಟ್ಟ ಮಾಡ್ಯೂಲ್‌ನಲ್ಲಿ ಬರೆದು ಕ್ಲಾಸಿಗೆ ಪ್ರಿಪೆಂಡ್ ಮಾಡಿ. ಕ್ಲಾಸ್ ಇಲ್ಲದಿದ್ದರೆ ಅದೇ ಸಾಲಿನಲ್ಲಿ ನೇಮ್ ಎರರ್ ಬಂದು ನಿಲ್ಲುತ್ತದೆ. ಮೆಥಡ್ ಹುಡುಕುವಾಗ ರೂಬಿ ಮೊದಲು ಮಾಡ್ಯೂಲ್ ನೋಡುತ್ತದೆ. ಅಲ್ಲಿಂದ ಸೂಪರ್ ಕರೆದರೆ ಮೂಲ ಮೆಥಡ್ ಸಿಗುತ್ತದೆ. ಎರಡು ವಿಷಯ ಮರೆಯಬಾರದು. ಮೂಲ ಮೆಥಡ್ ಪ್ರೈವೇಟ್ ಆಗಿದ್ದರೆ ಮಾಡ್ಯೂಲ್‌ನಲ್ಲೂ ಪ್ರೈವೇಟ್ ಎಂದು ಬರೆಯಬೇಕು, ಇಲ್ಲದಿದ್ದರೆ ಹೊರಗಿನವರೂ ಕರೆಯಬಹುದಾದ ಮೆಥಡ್ ಆಗುತ್ತದೆ. ರೂಬಿ 3.0ರಿಂದ ಕೀವರ್ಡ್ ಆರ್ಗ್ಯುಮೆಂಟ್‌ಗಳು (ಹೆಸರಿಟ್ಟು ಕೊಡುವ ಮೌಲ್ಯಗಳು) ಉಳಿದ ಆರ್ಗ್ಯುಮೆಂಟ್‌ಗಳಿಂದ ಬೇರೆಯಾಗಿವೆ. ಒಂದೇ ನಕ್ಷತ್ರ (*) ಹಾಕಿ ಎಲ್ಲವನ್ನೂ ಹಿಡಿಯುವ ಹಳೆಯ ಪ್ಯಾಚ್, ಕೀವರ್ಡ್‌ಗಳನ್ನು ಹ್ಯಾಶ್ ಮಾಡಿ ಮುಂದೆ ದಾಟಿಸಿ ಆರ್ಗ್ಯುಮೆಂಟ್ ಎರರ್ ತರಿಸುತ್ತದೆ. ಎರಡು ನಕ್ಷತ್ರದ್ದನ್ನೂ (**) ಬ್ಲಾಕನ್ನೂ ಸೇರಿಸಿ.

ಹುಡುಕಲು ಅತಿ ಕಷ್ಟದ ತೊಂದರೆ ಹುಟ್ಟುವುದು ಒಂದೇ ಮೆಥಡಿಗೆ ಇಬ್ಬರು ಎರಡು ರೀತಿಯಲ್ಲಿ ತೇಪೆ ಹಾಕಿದಾಗ. ಒಂದು ಜೆಮ್ ಮೊದಲು ಪ್ರಿಪೆಂಡ್ ಮಾಡಿದೆ. ಇನ್ನೊಂದು, ಹಳೆಯ ಪದ್ಧತಿಯಂತೆ ಏಲಿಯಸ್ ಮೆಥಡ್‌ನಿಂದ ಮೂಲವನ್ನು ಬೇರೆ ಹೆಸರಲ್ಲಿ ಉಳಿಸಿಕೊಂಡು ಹೊಸದನ್ನು ಬರೆಯುತ್ತದೆ. ಆದರೆ ಏಲಿಯಸ್‌ಗೆ ಸಿಕ್ಕಿದ್ದು ಮೂಲವಲ್ಲ, ಎದುರಿಗಿದ್ದ ಮಾಡ್ಯೂಲ್‌ನ ಮೆಥಡ್. ಅದು ಸೂಪರ್ ಕರೆಯುತ್ತದೆ, ಸೂಪರ್ ಹೊಸ ಮೆಥಡಿಗೆ ಹೋಗುತ್ತದೆ, ಹೊಸ ಮೆಥಡ್ ಏಲಿಯಸನ್ನು ಕರೆಯುತ್ತದೆ, ಏಲಿಯಸ್ ಎಂದರೆ ಮತ್ತೆ ಮಾಡ್ಯೂಲೇ. ಈ ಸುತ್ತು ಮುಗಿಯದೆ ಕೊನೆಗೆ ‘ಸ್ಟ್ಯಾಕ್ ಲೆವೆಲ್ ಟೂ ಡೀಪ್’ ಎಂಬ ಎರರ್. ಲೋಡ್ ಆಗುವ ಕ್ರಮ ತಿರುಗಿಸಿದರೆ ಇದೇ ಜೋಡಿ ಸರಿಯಾಗಿ ಓಡುವುದರಿಂದ ಜೆಮ್‌ಫೈಲ್‌ನಲ್ಲಿ (ಬಳಸುವ ಜೆಮ್‌ಗಳ ಪಟ್ಟಿಯಲ್ಲಿ) ಸಾಲು ಅದಲುಬದಲು ಮಾಡಿ ಗೆದ್ದೆವೆಂದುಕೊಳ್ಳುವವರಿದ್ದಾರೆ. ಅದು ಪರಿಹಾರವಲ್ಲ, ಇಬ್ಬರೂ ಪ್ರಿಪೆಂಡ್‌ಗೆ ಬರಬೇಕು.

‘ಈ ಮೆಥಡ್ ಇಲ್ಲದಿದ್ದರೆ ಮಾತ್ರ ಸೇರಿಸು’ ಎಂಬ ಷರತ್ತು ಸುರಕ್ಷಿತವಾಗಿ ಕಾಣುತ್ತದೆ. ಅರೇಗೆ ತಮ್ಮದೇ ‘ಸಮ್’ ಅನ್ನು ಹೀಗೆ ಸೇರಿಸಿದ್ದರೆ ಏನಾಗುತ್ತಿತ್ತು ನೋಡಿ. 2016ರ ಡಿಸೆಂಬರ್‌ನಲ್ಲಿ ರೂಬಿ 2.4 ಆ ಹೆಸರಿನ ಮೆಥಡನ್ನು ಭಾಷೆಯೊಳಗೇ ತಂದಿತು, ಹಾಗಾಗಿ ಷರತ್ತಿನಂತೆ ತಮ್ಮದು ಸೇರುವುದೇ ಇಲ್ಲ. ಅದು ಸೊನ್ನೆಯಿಂದ ಕೂಡಿಸಲು ಶುರುಮಾಡುವುದರಿಂದ, ಸ್ಟ್ರಿಂಗ್‌ಗಳನ್ನು ಜೋಡಿಸಲು ‘ಸಮ್’ ಬಳಸಿದ್ದ ಕೋಡ್‌ಗೆ ಟೈಪ್ ಎರರ್. ಕೋಡ್‌ನ ಒಂದಕ್ಷರವೂ ಬದಲಾಗಿರುವುದಿಲ್ಲ. ಕೋರ್ ಕ್ಲಾಸಿಗೆ ಮೆಥಡ್ ಸೇರಿಸುವ ಬದಲು ರಿಫೈನ್‌ಮೆಂಟ್ ಬಳಸಿದರೆ ‘ಯೂಸಿಂಗ್’ ಬರೆದ ಕಡತದಾಚೆ ಪರಿಣಾಮವಿಲ್ಲ. ಜೆಮ್‌ನ ಒಳಗಿನ ದೋಷ ತಿದ್ದಲು ಮಾತ್ರ ಅದು ನೆರವಾಗದು, ಜೆಮ್‌ನ ಕಡತಗಳಿಗೆ ಅದು ಕಾಣುವುದೇ ಇಲ್ಲ.

ರೈಲ್ಸ್ (ರೂಬಿಯ ವೆಬ್ ಫ್ರೇಮ್‌ವರ್ಕ್) ಬಳಸುವವರು ಆ್ಯಪ್‌ನದೇ ಕ್ಲಾಸಿಗೆ ಹಾಕುವ ಪ್ಯಾಚನ್ನು ‘ಟು ಪ್ರಿಪೇರ್’ ಬ್ಲಾಕ್‌ನಲ್ಲಿಡಬೇಕು. ಇಲ್ಲದಿದ್ದರೆ ಡೆವಲಪ್‌ಮೆಂಟ್‌ನಲ್ಲಿ ಕೋಡ್ ರೀಲೋಡ್ ಆದಾಗ ಹಳೆಯ ಕ್ಲಾಸಿನೊಂದಿಗೆ ಪ್ಯಾಚೂ ಹೋಗುತ್ತದೆ.

ಯಾವ ಮೆಥಡ್ ಓಡುತ್ತಿದೆ ಎಂಬ ಅನುಮಾನ ಬಂದರೆ ಊಹಿಸುತ್ತಾ ಕೂರಬೇಡಿ. ಕನ್ಸೋಲ್‌ನಲ್ಲಿ ಮೆಥಡ್ ಆಬ್ಜೆಕ್ಟ್ ತೆಗೆದು ‘ಸೋರ್ಸ್ ಲೊಕೇಶನ್’ ಕೇಳಿದರೆ ಕಡತ ಮತ್ತು ಸಾಲು ಸಿಗುತ್ತದೆ. ‘ಸೂಪರ್ ಮೆಥಡ್’ ಕೇಳುತ್ತ ಹೋದರೆ ಒಂದರ ಕೆಳಗೊಂದಿರುವ ತೇಪೆಗಳು ಕಾಣುತ್ತವೆ.

ಪ್ರತಿ ಪ್ಯಾಚ್ ಕಡತದ ಮೊದಲಿಗೇ ಜೆಮ್‌ನ ಆವೃತ್ತಿ ಪರೀಕ್ಷಿಸಿ. ನೀವು ಓದಿ ಪ್ಯಾಚ್ ಬರೆದ ಆವೃತ್ತಿ ಅದಲ್ಲದಿದ್ದರೆ ಎರರ್ ಎಸೆದು ಬೂಟ್ ನಿಲ್ಲಿಸಿ. ಜೆಮ್ ಅಪ್‌ಡೇಟ್ ಮಾಡಿದವರು ಆಗ ಆ ಕಡತ ತೆರೆಯಲೇಬೇಕಾಗುತ್ತದೆ. ದೋಷ ಮೂಲದಲ್ಲೇ ಸರಿಯಾಗಿದ್ದರೆ ಕಡತವನ್ನು ಅಳಿಸಿಬಿಡಬಹುದು.