ಡಿಸೆಂಬರಿನಲ್ಲಿ ಸಾಂಟೊ ಡೊಮಿಂಗೊಗೆ ಹೋದರೆ ಯಾವ ಬೇಸ್‌ಬಾಲ್ ಮ್ಯಾಚ್ ನೋಡಬೇಕು?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಡಿಸೆಂಬರ್ ರಜೆಗೆ ಡೊಮಿನಿಕನ್ ರಿಪಬ್ಲಿಕ್‌ಗೆ ಹೋಗೋಣ ಅಂತ ಯೋಚನೆ. ಮಗನಿಗೆ ಬೇಸ್‌ಬಾಲ್ ಹುಚ್ಚು, ನನಗೆ ಕ್ರಿಕೆಟ್ ಬಿಟ್ಟು ಬೇರೆ ಆಟ ತಿಳಿಯದು. ಚಳಿಗಾಲದಲ್ಲಿ ಅಮೆರಿಕದ ಮೇಜರ್ ಲೀಗ್ ಸ್ಟಾರ್‌ಗಳೆಲ್ಲ ಅಲ್ಲಿ ಬಂದು ಆಡುತ್ತಾರಂತೆ, ನಿಜವೇ? ಯಾವ ಮ್ಯಾಚಿಗೆ ಟಿಕೆಟ್ ತೆಗೆಯಲಿ?

ಉತ್ತರ: ಸ್ಟಾರ್‌ಗಳ ಹೆಸರು ನೋಡಿಕೊಂಡು ಹೋಗಬೇಡಿ. ಯಾರ ಮೇಲೆ ಯಾರು ಆಡುತ್ತಾರೆ, ಯಾವ ತಾರೀಖು, ಇವೆರಡನ್ನು ನೋಡಿ. ರಾಜಧಾನಿ ಸಾಂಟೊ ಡೊಮಿಂಗೊದಲ್ಲೇ ಉಳಿದುಕೊಳ್ಳುವುದಾದರೆ ಅಲ್ಲಿಯದೇ ಎರಡು ತಂಡಗಳಾದ ಲಿಸೇ ಮತ್ತು ಎಸ್ಕೊಹಿದೊ ನಡುವಿನ ಮ್ಯಾಚ್ ಸಿಗುತ್ತದಾ ನೋಡಿ. ಸಿಗದಿದ್ದರೆ ಲಿಸೇ ಮತ್ತು ಸಾಂತಿಯಾಗೊ ನಗರದ ಆಗಿಲಾಸ್. ಅದೂ ಇಲ್ಲ ಅಂದರೆ ಡಿಸೆಂಬರ್ ಕೊನೆಯ ವಾರದಿಂದ ಮುಂದಿನ ಯಾವ ಮ್ಯಾಚಾದರೂ ಸರಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ಸ್ಟಾರ್‌ಗಳ ವಿಷಯ ಮುಗಿಸಿಬಿಡೋಣ. ಅಮೆರಿಕದ ಸೀಸನ್ ಮುಗಿಯುವುದು ಅಕ್ಟೋಬರ್ ಕೊನೆ, ನವೆಂಬರ್ ಶುರುವಿಗೆ. ಡೊಮಿನಿಕನ್ ಲೀಗ್ ಶುರುವಾಗುವುದು ಅಕ್ಟೋಬರ್ ಮಧ್ಯಕ್ಕೆ. ಹಿಂದೆಲ್ಲ ಮೇಜರ್ ಲೀಗ್ ಸಂಬಳ ಅಷ್ಟಕ್ಕಷ್ಟೆ ಇದ್ದ ಕಾಲದಲ್ಲಿ ಆಟಗಾರರು ಚಳಿಗಾಲದ ಸಂಪಾದನೆಗೇ ಅಂತ ಪೂರ್ತಿ ಸೀಸನ್ ಆಡುತ್ತಿದ್ದರು. ಈಗ ಕೋಟಿಗಟ್ಟಲೆ ದುಡ್ಡಿನ ಕರಾರು, ಅದರಲ್ಲೂ ಚೆಂಡು ಎಸೆಯುವ ಪಿಚರ್‌ಗಳ ಭುಜ ಅಂದರೆ ಕ್ಲಬ್ಬುಗಳಿಗೆ ಬಂಗಾರ. ವರ್ಷವಿಡೀ ಜಾಸ್ತಿ ಎಸೆದ ಪಿಚರ್‌ಗೆ ಚಳಿಗಾಲದಲ್ಲಿ ಆಡಬೇಡ ಅಂತ ಹೇಳುವ ಹಕ್ಕು ಲೀಗುಗಳ ನಡುವಿನ ಒಪ್ಪಂದದಲ್ಲೇ ಇದೆ. ಹಾಗಾಗಿ ದೊಡ್ಡವರಲ್ಲಿ ಕೆಲವರು ಬರುವುದೇ ಇಲ್ಲ, ಬರುವ ಬ್ಯಾಟರ್‌ಗಳೂ ಡಿಸೆಂಬರ್ ಮಧ್ಯಕ್ಕೆ ಬಂದು ಎರಡು ಮೂರು ವಾರ ಆಡಿ ಹೋಗುತ್ತಾರೆ. ಉಳಿದಂತೆ ಮೈದಾನದಲ್ಲಿ ಇರುವವರು ಮೇಜರ್ ಲೀಗ್ ಬಾಗಿಲು ತಟ್ಟುತ್ತಿರುವ ಹುಡುಗರು, ಮತ್ತೆ ಆ ಬಾಗಿಲಿನಿಂದ ಆಚೆ ಬಂದ ಹಳಬರು.

ಇದು ಕಡಿಮೆ ಮಾಲು ಅಂದುಕೊಳ್ಳಬೇಡಿ ಮತ್ತೆ. ನಿಮ್ಮ ಮಗನಿಗೆ ಫೆರ್ನಾಂಡೊ ತಾತೀಸ್ ಜೂನಿಯರ್ ಗೊತ್ತಿರುತ್ತದೆ ಅಲ್ವಾ? ಅವನು ಮೇಜರ್ ಲೀಗಿಗೆ ಕಾಲಿಟ್ಟಿದ್ದು 2019ರ ಮಾರ್ಚ್ ಕೊನೆಗೆ. ಅದಕ್ಕೆ ಎರಡು ತಿಂಗಳ ಮುಂಚೆ, 20 ವರ್ಷದ ಹುಡುಗ, ತನ್ನ ಊರು ಸಾನ್ ಪೆದ್ರೊ ದೆ ಮಕೊರೀಸ್‌ನ ಎಸ್ತ್ರೆಯಾಸ್ ತಂಡದಲ್ಲಿದ್ದ. ಆ ತಂಡಕ್ಕೆ ಮ್ಯಾನೇಜರ್ (ಕ್ರಿಕೆಟ್ಟಿನ ಕೋಚ್ ಇದ್ದ ಹಾಗೆ) ಅವನ ಅಪ್ಪನೇ. ಆ ಜನವರಿಯಲ್ಲಿ ಎಸ್ತ್ರೆಯಾಸ್ ಕಪ್ ಗೆದ್ದಿತು, 1968ರ ನಂತರ ಮೊದಲ ಸಲ. 51 ವರ್ಷ! ನಮ್ಮ ಆರ್‌ಸಿಬಿಗೆ 18 ವರ್ಷ ಕಾದಿದ್ದನ್ನೇ ನಾವು ಇನ್ನೂ ಹೇಳಿಕೊಂಡು ತಿರುಗುತ್ತಿದ್ದೇವೆ, ಅಲ್ಲಿ ಅಜ್ಜ ಕಾದು ಹೋಗಿ ಮೊಮ್ಮಗ ನೋಡುವ ಹಾಗಾಯಿತು.

ಈಗ ತಾರೀಖಿನ ಲೆಕ್ಕ. ಲೀಗಿನಲ್ಲಿ ಆರು ತಂಡ. ಮೊದಲ ಹಂತ ಅಕ್ಟೋಬರಿನಿಂದ ಡಿಸೆಂಬರ್ ಮೂರನೇ ವಾರದ ತನಕ, ಈಚಿನ ವರ್ಷಗಳಲ್ಲಿ ತಂಡಕ್ಕೆ 50ರ ಆಸುಪಾಸು ಪಂದ್ಯ. ನಾಲ್ಕು ತಂಡ ಮುಂದಕ್ಕೆ, ಎರಡು ಮನೆಗೆ. ಕ್ರಿಸ್‌ಮಸ್ ಕಳೆದ ಮೇಲೆ ಆ ನಾಲ್ಕೂ ತಂಡಗಳು ತಮ್ಮತಮ್ಮಲ್ಲೇ ಆಡುವ ರೌಂಡ್ ರಾಬಿನ್, ಜನವರಿ ಕೊನೆಗೆ ಫೈನಲ್ ಸರಣಿ. ಇಲ್ಲಿ ಒಂದು ಮಜಾ ಇದೆ. ಮನೆಗೆ ಹೋದ ತಂಡಗಳ ಒಳ್ಳೆಯ ಆಟಗಾರರನ್ನು ಉಳಿದ ತಂಡಗಳು ಎತ್ತಿಕೊಳ್ಳಬಹುದು. ಅಂದರೆ ಅಕ್ಟೋಬರಿನಿಂದ ಬೈದುಕೊಂಡು ಬಂದವನೇ ಡಿಸೆಂಬರ್ ಕೊನೆಗೆ ನಿಮ್ಮ ಬಣ್ಣದ ಅಂಗಿ ಹಾಕಿಕೊಂಡು ನಿಂತಿರುತ್ತಾನೆ, ಜನ ನಾಚಿಕೆಯಿಲ್ಲದೆ ಅವನಿಗೇ ಜೈಕಾರ ಹಾಕುತ್ತಾರೆ. ನವೆಂಬರಿನ ಒಂದು ಮಂಗಳವಾರ ಹೋದರೆ ಅರ್ಧ ಖಾಲಿ ಸ್ಟೇಡಿಯಂ ಇರಬಹುದು, ಜನವರಿಯಲ್ಲಿ ಅದೇ ಜಾಗದಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ನೀವು ಡಿಸೆಂಬರ್ 20ರಿಂದ ಜನವರಿ 2ರ ತನಕ ಅಂತ ಪ್ಲಾನ್ ಮಾಡುತ್ತಿದ್ದರೆ, ಡಿಸೆಂಬರ್ 24, 25 ಮತ್ತು 31ಕ್ಕೆ ಸಾಮಾನ್ಯವಾಗಿ ಆಟ ಇರುವುದಿಲ್ಲ ಅನ್ನುವುದು ನೆನಪಿರಲಿ. ಸೋಮವಾರವೂ ಹೆಚ್ಚಾಗಿ ಬಿಡುವು. ಮಾಮೂಲಿ ದಿನ ರಾತ್ರಿ ಏಳು ಏಳೂವರೆಗೆ ಶುರು, ಭಾನುವಾರ ಸಂಜೆ ಬೇಗ. ಚಿಕ್ಕ ಮಕ್ಕಳಿದ್ದರೆ ಭಾನುವಾರವೇ ವಾಸಿ, ಯಾಕೆಂದರೆ ಆಟ ಮೂರು ಗಂಟೆ ಮೀರುವುದು ಅಲ್ಲಿ ದೊಡ್ಡ ವಿಷಯವೇ ಅಲ್ಲ.

ಲಿಸೇ ಮತ್ತು ಎಸ್ಕೊಹಿದೊ ಮ್ಯಾಚ್ ಯಾಕೆ ಅಂದೆ? ಎರಡೂ ಸಾಂಟೊ ಡೊಮಿಂಗೊ ತಂಡಗಳು, ಎರಡಕ್ಕೂ ಒಂದೇ ಮೈದಾನ. ಒಂದೇ ಮನೆಯಲ್ಲಿ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರ ಹಾಗೆ. ಲಿಸೇ ಹುಟ್ಟಿದ್ದು 1907ರಲ್ಲಿ, ಬಣ್ಣ ನೀಲಿ, ಗುರುತು ಹುಲಿ. ಯಾರು ಬಂದರೂ ಸೋಲಿಸುತ್ತಿತ್ತು. ಇದರ ಸೊಕ್ಕು ಮುರಿಯಬೇಕು ಅಂತಲೇ 1921ರಲ್ಲಿ ಊರಿನ ಬೇರೆ ಮೂರು ತಂಡಗಳಿಂದ ಒಳ್ಳೊಳ್ಳೆಯವರನ್ನು ಹೆಕ್ಕಿ ಇನ್ನೊಂದು ತಂಡ ಕಟ್ಟಿದರು. ಎಸ್ಕೊಹಿದೊ ಅಂದರೆ ಸ್ಪ್ಯಾನಿಷ್‌ನಲ್ಲಿ ‘ಆರಿಸಿದ್ದು’ ಅಂತಲೇ ಅರ್ಥ! ಬಣ್ಣ ಕೆಂಪು, ಗುರುತು ಸಿಂಹ. ನೂರು ವರ್ಷವಾದರೂ ಜಗಳ ಮುಗಿದಿಲ್ಲ. 2025ರ ಜನವರಿಯಲ್ಲಿ ಇವೆರಡೇ ಫೈನಲ್‌ನಲ್ಲಿ ಎದುರಾದವು, ಏಳನೇ ಪಂದ್ಯದ ತನಕ ಎಳೆದು ಕೊನೆಗೆ ಕೆಂಪು ಗೆದ್ದಿತು. ಲಿಸೇಯವರು ಅದಕ್ಕೆ ಏನೂ ಹೇಳುವುದಿಲ್ಲ, ಸುಮ್ನೆ ತಮ್ಮ ಕಪ್ಪುಗಳನ್ನು ಎಣಿಸುತ್ತಾರೆ. 2024ರ ಹೊತ್ತಿಗೇ 24 ಆಗಿದ್ದವು, ಲೀಗಿನಲ್ಲಿ ಎಲ್ಲರಿಗಿಂತ ಜಾಸ್ತಿ.

ಆಗಿಲಾಸ್ ಉತ್ತರದ ಸಾಂತಿಯಾಗೊ ನಗರದ್ದು, ಹಳದಿ ಬಣ್ಣ, ಹದ್ದು. ಅವರಿಗೂ ಲಿಸೇಗೂ ಇರುವುದು ರಾಜಧಾನಿಗೂ ಎರಡನೇ ಊರಿಗೂ ಇರುವ ಮುನಿಸು. ಒಂದು ದಿನ ಬಿಡುವಿದ್ದರೆ ಬಸ್ಸು ಹಿಡಿದು ಸಾಂತಿಯಾಗೊಗೇ ಹೋಗಿ, ಸುಮಾರು 155 ಕಿಲೋಮೀಟರ್. ಅಲ್ಲಿಯ ಸಿಬಾಓ ಸ್ಟೇಡಿಯಂ ಈ ಲೀಗಿನಲ್ಲೇ ದೊಡ್ಡದು, ಮತ್ತು ನನ್ನ ಪ್ರಕಾರ ಗದ್ದಲದಲ್ಲೂ ಮೊದಲನೆಯದು. ಪುಂತಾ ಕಾನಾದ ರೆಸಾರ್ಟಿನಲ್ಲಿ ಉಳಿದುಕೊಳ್ಳುವವರಿಗೆ ಹತ್ತಿರ ಆಗುವುದು ಲಾ ರೊಮಾನಾದ ತೋರೋಸ್ ತಂಡದ ಮೈದಾನ.

ಆದರೆ ಕ್ರಿಕೆಟ್ ನೋಡಿ ಬೆಳೆದವರಿಗೆ ನಾನು ಒಂದು ಊರು ಸೇರಿಸಿ ಹೇಳುತ್ತೇನೆ, ಅದೇ ಸಾನ್ ಪೆದ್ರೊ ದೆ ಮಕೊರೀಸ್. ರಾಜಧಾನಿಯಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಲ್ಲಿ ಸಕ್ಕರೆ ಕಾರ್ಖಾನೆಗಳು ಎದ್ದಾಗ ಕಬ್ಬು ಕಡಿಯಲು ಬ್ರಿಟಿಷರ ಕೈಕೆಳಗಿದ್ದ ದ್ವೀಪಗಳಿಂದ, ಸೇಂಟ್ ಕಿಟ್ಸ್, ನೆವಿಸ್, ಆಂಟಿಗಾ ಕಡೆಯಿಂದ, ಜನ ಬಂದರು. ಊರವರು ಇವರನ್ನು ಕರೆದಿದ್ದು ಕೊಕೊಲೊ ಅಂತ. ಅವರ ಜೊತೆ ಇಂಗ್ಲಿಷ್ ಬಂತು, ಚರ್ಚ್ ಬಂತು, ಮತ್ತೆ ಕ್ರಿಕೆಟ್ಟೂ ಬಂತು. ಕಾರ್ಖಾನೆ ಪಕ್ಕದ ಬಯಲಿನಲ್ಲಿ ಬ್ಯಾಟು ಹಿಡಿದು ಆಡಿದ ಆ ಜನರ ಮಕ್ಕಳು, ಮೊಮ್ಮಕ್ಕಳು ಬೇಸ್‌ಬಾಲ್‌ಗೆ ತಿರುಗಿದರು. ಜಾರ್ಜ್ ಬೆಲ್, ಸ್ಯಾಮಿ ಸೋಸಾ, ಟೋನಿ ಫೆರ್ನಾಂಡೆಸ್, ರಾಬಿನ್ಸನ್ ಕನೊ, ಎಲ್ಲರೂ ಈ ಒಂದೇ ಊರಿನವರು. ಸ್ಪ್ಯಾನಿಷ್ ಮಾತಾಡುವ ದೇಶದ ಹುಡುಗನಿಗೆ ಜಾರ್ಜ್ ಬೆಲ್ ಅನ್ನುವ ಹೆಸರು ಎಲ್ಲಿಂದ ಬಂತು ಅಂತ ಯೋಚಿಸಿದ್ದೀರಾ? ಇಲ್ಲಿಂದಲೇ. ಸಾಧ್ಯವಾದರೆ ಇಲ್ಲೊಂದು ಮ್ಯಾಚ್ ನೋಡಿ. ಮೈದಾನ ಹಳೆಯದು, ತಂಡದ ಗುರುತು ಆನೆ, ಬಣ್ಣ ಹಸಿರು.

ಟಿಕೆಟ್ ಬಗ್ಗೆ. ಆನ್‌ಲೈನಲ್ಲಿ ಸಿಗುತ್ತವೆ, ಸ್ಟೇಡಿಯಂ ಕೌಂಟರಿನಲ್ಲೂ ಸಿಗುತ್ತವೆ. ‘ಪಾಲ್ಕೊ’ ಅಂದರೆ ಮೈದಾನಕ್ಕೆ ಹತ್ತಿರದ ಒಳ್ಳೆ ಸೀಟು, ‘ಗ್ರಾದಾಸ್’ ಅಂದರೆ ಅಗ್ಗದ ಕಡೆ. ಮಾಮೂಲಿ ದಿನ ಕೌಂಟರಿನಲ್ಲೇ ತೆಗೆದುಕೊಂಡರೆ ಸಾಕು, ಈ ಎದುರಾಳಿಗಳ ಮ್ಯಾಚ್ ಆದರೆ ಮೊದಲೇ ತೆಗೆಯಿರಿ. ಗೇಟಿನ ಹೊರಗೆ ಕೈಯಲ್ಲಿ ಟಿಕೆಟ್ ಹಿಡಿದು ಕೂಗುವವರು ಇರುತ್ತಾರೆ. ನಾನು ಮೊದಲ ಸಲ ಹೋದಾಗ ಅವರಲ್ಲೊಬ್ಬನ ಹತ್ತಿರ ತೆಗೆದುಕೊಂಡು ಒಳಗೆ ಹೋಗಿ ನೋಡಿದರೆ, ಟಿಕೆಟ್ ಮೇಲೆ ಅಚ್ಚಾಗಿದ್ದ ಬೆಲೆ ನಾನು ಕೊಟ್ಟಿದ್ದರ ಅರ್ಧ. ಕತ್ತಲಲ್ಲಿ ಓದಿರಲಿಲ್ಲ, ತಪ್ಪು ನಂದೇ. ಒಂದು ಡಾಲರಿಗೆ ಸುಮಾರು 60 ಪೆಸೊ. ಚಿಲ್ಲರೆ ಪೆಸೊ ಇಟ್ಟುಕೊಂಡಿರಿ, ಸೀಟಿನ ಹತ್ತಿರ ತಿಂಡಿ ತರುವ ಹುಡುಗನ ಹತ್ತಿರ ಕಾರ್ಡ್ ಕೊಟ್ಟರೆ ಏನು ಮಾಡುತ್ತಾನೆ ಪಾಪ.

ಒಳಗಿನ ಕಥೆ ಬೇರೆಯೇ. ಅಮೆರಿಕದಲ್ಲಿ ಬೇಸ್‌ಬಾಲ್ ನೋಡುವುದು ಪಿಕ್‌ನಿಕ್ ಥರ, ಇಲ್ಲಿ ಅದು ಊರ ಜಾತ್ರೆ. ಆಟದ ನಡುವೆ ಮೆರೆಂಗೆ ಸಂಗೀತ, ತುತ್ತೂರಿ, ಡೋಲು, ಡಗ್‌ಔಟ್ ಮೇಲೆ ಹುಡುಗಿಯರ ಕುಣಿತ. ಹಿಂದಿನ ಸಾಲಿನ ಅಜ್ಜ ಮ್ಯಾನೇಜರ್ ಏನು ಮಾಡಬೇಕಿತ್ತು ಅಂತ ಇಡೀ ಸಾಲಿಗೆ ಕೇಳುವ ಹಾಗೆ ಹೇಳುತ್ತಿರುತ್ತಾರೆ, ಮತ್ತು ಅದು ಸುಮ್ಮನೆ ಮಾತಲ್ಲ. ನಾಲ್ಕು ಮ್ಯಾಚ್ ಸೋತರೆ ಇಲ್ಲಿ ಸೀಸನ್ ಮಧ್ಯದಲ್ಲೇ ಮ್ಯಾನೇಜರ್ ಕೆಲಸ ಹೋಗಿಬಿಡಬಹುದು. ಸ್ಟ್ಯಾಂಡಿನ ಒಂದು ಮೂಲೆಯಲ್ಲಿ ಕೆಲವರು ಬೆರಳು ಎತ್ತಿ ಸನ್ನೆ ಮಾಡುತ್ತಿದ್ದರೆ ಅದು ಬಾಜಿ, ಮುಂದಿನ ಎಸೆತಕ್ಕೆ ಏನಾಗುತ್ತದೆ ಅಂತ. ನೋಡಿ ಖುಷಿಪಡಿ, ನೀವು ಮಾತ್ರ ಬೆರಳು ಎತ್ತಬೇಡಿ.

ಬಿಯರ್ ಕುಡಿಯುವವರಿಗೆ: ಅಲ್ಲಿ ಬಾಟಲಿ ಮೇಲೆ ಬಿಳಿ ಮಂಜು ಕಟ್ಟಿರಬೇಕು, ಅದಕ್ಕೆ ‘ಮದುಮಗಳ ಹಾಗೆ ಉಟ್ಟಿದ್ದು’ ಅಂತ ಹೇಳುತ್ತಾರೆ. ಸಸ್ಯಾಹಾರಿಗಳಿಗೆ: ‘ಸಿನ್ ಕಾರ್ನೆ’ (ಮಾಂಸ ಬೇಡ) ಅಂತ ಹೇಳಿದರೆ ಸಾಲದು. ಕಾರ್ನೆ ಅಂದರೆ ಅವರ ತಲೆಯಲ್ಲಿ ದನ, ಹಂದಿ. ಕೋಳಿ ಹಾಕಿ ಕೊಟ್ಟು ನಗುತ್ತಾ ನಿಲ್ಲುತ್ತಾರೆ. ‘ಸಿನ್ ಕಾರ್ನೆ, ಸಿನ್ ಪೊಯ್ಯೊ, ಸಿನ್ ಹಮೋನ್’, ಅಂದರೆ ಮಾಂಸ, ಕೋಳಿ, ಹ್ಯಾಮ್ ಯಾವುದೂ ಬೇಡ ಅಂತ ಮೂರನ್ನೂ ಹೇಳಿ. ಬಾಳೆಕಾಯಿಯನ್ನು ಜಜ್ಜಿ ಎರಡು ಸಲ ಕರಿದ ತೊಸ್ತೋನೆಸ್, ತೆಳ್ಳಗೆ ಹೆಚ್ಚಿ ಕರಿದ ಬಾಳೆಕಾಯಿ ಚಿಪ್ಸ್, ಕರಿದ ಚೀಸ್, ಚೀಸ್ ತುಂಬಿದ, ಕರಿಗಡುಬಿನಂಥ ಎಂಪಾನಾದಾ ಇವು ನಮಗೆ ಹೊಂದುತ್ತವೆ. ಕೀಪೆ ಅಂತ ಒಂದು ಬರುತ್ತದೆ, ನೋಡಲು ವಡೆಯ ತಮ್ಮನ ಹಾಗಿರುತ್ತದೆ. ಮೋಸ ಹೋಗಬೇಡಿ, ಒಳಗೆ ಖೀಮಾ. ಅರಬ್ ದೇಶಗಳಿಂದ ವಲಸೆ ಬಂದವರು ತಂದ ತಿಂಡಿ ಅದು.

ಆಟ ಅರ್ಥವಾಗುತ್ತದಾ? ಆಗುತ್ತದೆ. ಒಂಬತ್ತು ಇನ್ನಿಂಗ್ಸ್, ಪ್ರತಿ ಇನ್ನಿಂಗ್ಸಿನಲ್ಲಿ ಒಂದೊಂದು ತಂಡಕ್ಕೆ ಮೂರು ಔಟ್. ಸಮ ಆದರೆ ಡ್ರಾ ಇಲ್ಲ, ಮುಂದುವರಿಯುತ್ತದೆ. ಕ್ಯಾಚು, ರನ್ ಔಟ್ ನಿಮಗೆ ಹೇಳಿಕೊಡಬೇಕಾಗಿಲ್ಲ. ಉಳಿದಿದ್ದು ಮಗ ಹೇಳುತ್ತಾನೆ, ಅವನಿಗೂ ಅಪ್ಪ ಅಮ್ಮನಿಗೆ ಪಾಠ ಮಾಡುವ ಅವಕಾಶ ಸಿಗಲಿ. ಒಂದೇ ಒಂದು ಗುಟ್ಟು ಹೇಳುತ್ತೇನೆ: ನಾಲ್ಕು ಬಾಲ್ (ತಪ್ಪು ಎಸೆತ) ಆದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ, ಮೂರು ಸ್ಟ್ರೈಕ್ ಆದರೆ ಔಟ್; ಹಾಗಾಗಿ ಬೋರ್ಡಿನಲ್ಲಿ ಮೂರು ಬಾಲ್, ಎರಡು ಸ್ಟ್ರೈಕ್ ಅಂತ ಕಂಡರೆ ತಿನ್ನುವುದನ್ನು ಕೆಳಗಿಡಿ, ಆಗ ಮುಂದಿನ ಎಸೆತಕ್ಕೆ ಏನಾದರೂ ಆಗಿಬಿಡಬಹುದು. ಇಡೀ ಸ್ಟೇಡಿಯಂ ಎದ್ದರೆ ನೀವೂ ಎದ್ದು ನಿಲ್ಲಿ. ಆಟವನ್ನು ಅವರು ಬೇಸ್‌ಬಾಲ್ ಅನ್ನುವುದಕ್ಕಿಂತ ‘ಪೆಲೋತಾ’ ಅನ್ನುವುದೇ ಹೆಚ್ಚು, ಅಂದರೆ ಚೆಂಡು. ಟ್ಯಾಕ್ಸಿಯವನ ಹತ್ತಿರ ಆ ಒಂದು ಪದ ಹೇಳಿದರೆ ಸಾಕು, ದಾರಿಯುದ್ದಕ್ಕೂ ಮಾತು ಅವನದು.

ಅಂದ ಹಾಗೆ ಟ್ಯಾಕ್ಸಿಯನ್ನು ಆಪ್‌ನಲ್ಲೇ ತರಿಸಿಕೊಳ್ಳಿ. ಮ್ಯಾಚ್ ಬಿಟ್ಟ ಕೂಡಲೇ ಗೇಟಿನ ಮುಂದೆ ಯಾವ ಕಾರೂ ಅಲುಗಾಡುವುದಿಲ್ಲ. ಸ್ವಲ್ಪ ಹೊತ್ತು ಒಳಗೇ ಕೂತಿದ್ದು, ಬೆಳಕಿರುವ ದೊಡ್ಡ ರಸ್ತೆಗೆ ಬಂದು ಆಮೇಲೆ ಕರೆಯಿರಿ. ಕುತ್ತಿಗೆಯಲ್ಲಿ ಚಿನ್ನದ ಸರ ಬೇಡ, ಫೋನನ್ನು ಹಿಂದಿನ ಜೇಬಿನಲ್ಲಿ ಇಡಬೇಡಿ. ಮೆಜೆಸ್ಟಿಕ್ಕಿನಲ್ಲಿ ಎಷ್ಟು ಎಚ್ಚರ ಇರುತ್ತದೋ ಅಷ್ಟು ಇದ್ದರೆ ಆಯಿತು.

ಕೊನೆಗೆ ವೀಸಾ, ಯಾಕೆಂದರೆ ಅಮೆರಿಕದಲ್ಲಿರುವ ನಮ್ಮವರು ಎಡವುವುದು ಇಲ್ಲೇ. ಭಾರತದ ಪಾಸ್‌ಪೋರ್ಟ್ ಇದ್ದು, ಅದರಲ್ಲಿ ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದರೆ ಡೊಮಿನಿಕನ್ ರಿಪಬ್ಲಿಕ್‌ಗೆ ಬೇರೆ ವೀಸಾ ಬೇಡ. ಹೋಗುವ ಮುಂಚೆ ಅವರ ಸರ್ಕಾರಿ ಸೈಟಿನಲ್ಲಿ ಇ-ಟಿಕೆಟ್ ಅನ್ನುವ ಫಾರ್ಮ್ ತುಂಬಬೇಕು, ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳುವ ಸೈಟ್ ಕಂಡರೆ ಅದು ಬೇರೆಯವರದ್ದು. ನಿಯಮ ಬದಲಾಗುತ್ತಿರುತ್ತವೆ, ಟಿಕೆಟ್ ಬುಕ್ ಮಾಡುವ ಮುಂಚೆ ರಾಯಭಾರ ಕಚೇರಿಯ ಸೈಟಿನಲ್ಲಿ ಒಮ್ಮೆ ನೋಡಿಬಿಡಿ. ಎಚ್-1ಬಿ ಕೆಲಸದ ವೀಸಾದಲ್ಲಿದ್ದು ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪ್ ಅವಧಿ ಮುಗಿದಿದ್ದರೆ ಮಾತ್ರ ಹೊರಡಲೇಬೇಡಿ, ವಾಪಸ್ ಬರುವಾಗ ಕಷ್ಟ.

ಅಂಥವರಿಗೆ ಪೋರ್ಟೊ ರಿಕೊ ಇದೆ. ಅದು ಅಮೆರಿಕದ್ದೇ ಪ್ರದೇಶ, ವಿಮಾನವೂ ಒಳನಾಡಿನದ್ದೇ. ಅಲ್ಲಿಯ ಲೀಗಿಗೆ ಈಗ ರೊಬೆರ್ತೊ ಕ್ಲೆಮೆಂತೆ ಹೆಸರು, 1972ರ ಡಿಸೆಂಬರ್ 31ರಂದು ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಾನು ಒಯ್ಯುವಾಗ ವಿಮಾನ ಬಿದ್ದು ತೀರಿಕೊಂಡ ಆಟಗಾರ. ಲೀಗು ಹಳೆಯದು, 1938ರದ್ದು. ಆದರೆ ಒಂದು ಚಳಿಗಾಲ, 2007ರಲ್ಲಿ, ದುಡ್ಡಿಲ್ಲದೆ ಆಟವನ್ನೇ ನಿಲ್ಲಿಸಿದ್ದರು. ಜನ ಡೊಮಿನಿಕನ್‌ನಷ್ಟು ಸೇರುವುದಿಲ್ಲ, ಟಿಕೆಟ್ ಸುಲಭವಾಗಿ ಸಿಗುತ್ತದೆ. ಸಾನ್ ಹುವಾನ್‌ನ ಹಿರಮ್ ಬಿಥೋರ್ನ್ ಸ್ಟೇಡಿಯಂನಲ್ಲಿ ಒಂದು ಸಂಜೆ ಕೂತು ಬಂದರೆ ಮಗನ ಆಸೆ ತೀರುತ್ತದೆ. ನಿಮ್ಮ ಸ್ಟ್ಯಾಂಪ್ ಸರಿ ಇದೆ ಅಂದರೆ ಮಾತ್ರ ಯೋಚನೆಯೇ ಬೇಡ, ಸಾಂಟೊ ಡೊಮಿಂಗೊಗೇ ಹೋಗಿ. ಮ್ಯಾಚಿಗೆ ಹೋಗುವ ದಿನ ಮಗನಿಗೆ ನೀಲಿ ಅಂಗಿ ಹಾಕುತ್ತೀರೋ ಕೆಂಪು ಹಾಕುತ್ತೀರೋ ಹೋಟೆಲಿನಲ್ಲೇ ತೀರ್ಮಾನ ಮಾಡಿಕೊಳ್ಳಿ. ನಾನು ಗೊತ್ತಿಲ್ಲದೆ ನೀಲಿ ಹಾಕಿಕೊಂಡು ಕೆಂಪಿನವರ ನಡುವೆ ಕೂತಿದ್ದೆ. ಯಾರೂ ಏನೂ ಮಾಡಲಿಲ್ಲ, ಆದರೆ ಲಿಸೇ ಔಟ್ ಆದಾಗಲೆಲ್ಲ ಪಕ್ಕದವರು ನನ್ನ ಹೆಗಲು ತಟ್ಟಿ ಸಂತಾಪ ಹೇಳುತ್ತಿದ್ದರು.