ಆಪರೇಶನ್ನಿಗೆ ಮುಂಚಿನ ವಾರಗಳು

ಎಪ್ಪತ್ತು ದಾಟಿದ ವಯಸ್ಸು, ಸಕ್ಕರೆ ಕಾಯಿಲೆ, ವರ್ಷಗಟ್ಟಲೆ ಬೀಡಿ ಸೇದಿದ ಶ್ವಾಸಕೋಶ. ಇಂಥವರನ್ನು ಹೊಟ್ಟೆಯ ದೊಡ್ಡ ಆಪರೇಶನ್ನಿಗೆಂದು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೋ ಮಣಿಪಾಲಕ್ಕೋ ಕರೆದೊಯ್ಯುವಾಗ ಮನೆಯವರ ಭಯವೆಲ್ಲ ಥಿಯೇಟರಿನ ಒಳಗಿನ ಆ ಮೂರು ತಾಸಿನದ್ದು. ಆದರೆ ಮೇಜಿನ ಮೇಲೆಯೇ ಪ್ರಾಣ ಹೋಗುವುದು ಈಗ ಅಪರೂಪ. ಅಪಾಯ ಹೆಚ್ಚು ಕಾಡುವುದು ಆಮೇಲೆ, ವಾರ್ಡಿನಲ್ಲಿ. ಅದನ್ನು ತಗ್ಗಿಸುವ ತಯಾರಿ ಆಪರೇಶನ್ನಿಗೆ ವಾರಗಳ ಮುಂಚೆಯೇ ಶುರುವಾಗಬೇಕು.

ನ್ಯುಮೋನಿಯಾವನ್ನೇ ನೋಡಿ. ಹೊಟ್ಟೆಯ ಮೇಲ್ಭಾಗ ಕೊಯ್ದಾಗ ನೋವಿಗೆ ಹೆದರಿ ರೋಗಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ. ಶ್ವಾಸಕೋಶದ ತಳದ ಗಾಳಿಗೂಡುಗಳು ಮುಚ್ಚಿಕೊಳ್ಳುತ್ತವೆ, ಕಫ ಅಲ್ಲೇ ನಿಂತು ಸೋಂಕಾಗುತ್ತದೆ. ಹಾಗಾಗಿ ದೀರ್ಘವಾಗಿ ಉಸಿರೆಳೆದುಕೊಳ್ಳುವುದನ್ನೂ, ದಿಂಬನ್ನು ಹೊಟ್ಟೆಗೆ ಒತ್ತಿಹಿಡಿದು ಕೆಮ್ಮುವುದನ್ನೂ ಫಿಸಿಯೋಥೆರಪಿಸ್ಟ್ ಹತ್ತಿರ ಮೊದಲೇ ಕಲಿಯಬೇಕು. ನೋವಿನ ಮಂಪರಿನಲ್ಲಿ ಹೊಸ ಪಾಠ ತಲೆಗೆ ಹತ್ತುವುದಿಲ್ಲ. ಉಸಿರಿನ ವ್ಯಾಯಾಮಕ್ಕೆ ಮೂರು ಗುಂಡುಗಳ ಉಪಕರಣ ಕೊಟ್ಟರೆ ಅದನ್ನು ಊದಬಾರದು, ಅದರಿಂದ ನಿಧಾನಕ್ಕೆ ಉಸಿರನ್ನು ಒಳಗೆಳೆಯಬೇಕು. ಬಹಳ ಮಂದಿ ಊದುತ್ತಾರೆ.

ಬೀಡಿ ಬಿಟ್ಟ ಒಂದು ದಿನದಲ್ಲೇ ರಕ್ತದ ಕಾರ್ಬನ್ ಮೊನಾಕ್ಸೈಡ್ ಇಳಿಯುತ್ತದೆ. ಕಫ ಕಡಿಮೆಯಾಗಲು, ಗಾಯ ಚೆನ್ನಾಗಿ ಕೂಡಲು ಕನಿಷ್ಠ 4 ವಾರ ಬೇಕು.

ಹಿಮೋಗ್ಲೋಬಿನ್ 13ಕ್ಕಿಂತ ಕೆಳಗಿದ್ದರೆ ಕಾರಣ ಹುಡುಕಲೇಬೇಕು. ಕಾರಣ ಕಬ್ಬಿಣದ ಕೊರತೆಯಾದರೆ, ಅದರ ಮಾತ್ರೆ ಕೆಲಸ ಮಾಡಲು 6ರಿಂದ 8 ವಾರ ಹಿಡಿಯುತ್ತದೆ. ಚಾ ಜೊತೆ ನುಂಗಿದರೆ ಅರ್ಧಕ್ಕರ್ಧ ವ್ಯರ್ಥ. ಅಷ್ಟು ಸಮಯವಿಲ್ಲದಿದ್ದರೆ ನರಕ್ಕೆ ಕೊಡುವ ಕಬ್ಬಿಣದ ಡ್ರಿಪ್ ಬಗ್ಗೆ ವೈದ್ಯರನ್ನು ಕೇಳಿ.

ಸಕ್ಕರೆ ಕಾಯಿಲೆಗೆ ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ವೈದ್ಯರಿಗೆ ತಪ್ಪದೆ ಹೇಳಿ. ಸಾಮಾನ್ಯವಾಗಿ 3 ದಿನ ಮೊದಲೇ ಅದನ್ನು ನಿಲ್ಲಿಸುತ್ತಾರೆ. ಉಪವಾಸದಲ್ಲಿ ಈ ಮಾತ್ರೆ ರಕ್ತದಲ್ಲಿ ಕೀಟೋನ್ ಆಮ್ಲವನ್ನು ಅಪಾಯದ ಮಟ್ಟಕ್ಕೆ ಏರಿಸಬಹುದು, ಅದೂ ಸಕ್ಕರೆಯ ಅಂಕಿ ಹೆಚ್ಚೇನೂ ಏರದೆ. ಗ್ಲುಕೋಮೀಟರ್ ನಂಬಿ ಕೂತರೆ ಗೊತ್ತೇ ಆಗುವುದಿಲ್ಲ.

ಉಪವಾಸದ ಲೆಕ್ಕವೂ ತಪ್ಪುವುದುಂಟು. ಹಿಂದಿನ ರಾತ್ರಿಯಿಂದ ಹನಿ ನೀರೂ ಇಲ್ಲದೆ ವೃದ್ಧರನ್ನು ಒಣಗಿಸುವುದು ಬೇಡ. ಹಗುರ ಊಟಕ್ಕೆ 6 ಗಂಟೆ, ನೀರಿಗೆ 2 ಗಂಟೆ ಅಂತರ ಸಾಕು. ನಿಮ್ಮ ರೋಗಿಗೆ ವೈದ್ಯರು ಬೇರೆ ಹೇಳಿದ್ದರೆ ಅದೇ ಸರಿ. ಕುಚ್ಚಲಕ್ಕಿ ಗಂಜಿಯ ತಿಳಿಯನ್ನು ನೀರೆಂದು ಎಣಿಸಬಾರದು, ಅದು ಊಟ. ಹಾಲು ಹಾಕಿದ ಚಾ ಕೂಡ ಹಾಗೆಯೇ.

ಇಷ್ಟು ತಯಾರಿಗೆ ಕಾಯಬಾರದ ರೋಗಿಗಳೂ ಇದ್ದಾರೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಗೆ ಸಾಧ್ಯವಾದರೆ 48 ಗಂಟೆಯೊಳಗೆ ಆಪರೇಶನ್ ಆಗಬೇಕು. ಮಲಗಿದ ಒಂದೊಂದು ದಿನವೂ ಎದೆಯಲ್ಲಿ ಕಫ, ಕಾಲಿನಲ್ಲಿ ರಕ್ತಗಡ್ಡೆ, ಬೆನ್ನಿನಲ್ಲಿ ಹುಣ್ಣು ತರುತ್ತದೆ.