ಗಂಡು ಹೆಣ್ಣು ಜೊತೆಗೆ ಬಿಟ್ಟರೆ ಆಮೆಯ ಸಂತತಿ ಉಳಿಯಲ್ವಾ?

ಪ್ರಶ್ನೆ: ಯಾಂಗ್ಟ್ಸಿ ನದಿಯ ದೈತ್ಯ ಆಮೆ ಇನ್ನೇನು ಅಳಿದೇ ಹೋಗುತ್ತದೆ ಅಂತ ಆಗಾಗ ಓದುತ್ತೇವೆ. ಒಂದು ಗಂಡು, ಒಂದು ಹೆಣ್ಣು ಹುಡುಕಿ ಒಟ್ಟಿಗೆ ಬಿಟ್ಟರೆ ಆಯ್ತಲ್ವಾ? ಆಮೆಗಳು ಒಂದೇ ಸಲಕ್ಕೆ ರಾಶಿ ಮೊಟ್ಟೆ ಇಡುತ್ತವಲ್ಲ?

ಉತ್ತರ: ಬಿಟ್ಟು ನೋಡಿದರು. ರಾಶಿ ಮೊಟ್ಟೆಯನ್ನೂ ಇಟ್ಟಿತು. ಒಂದೂ ಮರಿಯಾಗಲಿಲ್ಲ.

ಇದು ನಮ್ಮ ಹೊಳೆಗಳಲ್ಲಿರುವ ಮೆತ್ತನೆ ಚಿಪ್ಪಿನ ಆಮೆಗಳದೇ ಕುಟುಂಬ, ಆದರೆ ಗಾತ್ರ ಬೇರೆ. ಉದ್ದ ಒಂದು ಮೀಟರ್ ದಾಟುತ್ತದೆ, ಮೂತಿ ಹಂದಿಯದರ ಹಾಗೆ. ಚೀನಾದ ಯಾಂಗ್ಟ್ಸಿ ಕೆಳದಂಡೆಯಿಂದ ವಿಯೆಟ್ನಾಂನ ಕೆಂಪು ನದಿಯವರೆಗೂ ಇತ್ತು. ಜನ ಹಿಡಿದು ತಿಂದರು, ಮೊಟ್ಟೆಯನ್ನೂ ಬಿಡಲಿಲ್ಲ. ಆಮೇಲೆ ಅಣೆಕಟ್ಟುಗಳು ಬಂದವು, ಮೊಟ್ಟೆ ಇಡುವ ಮರಳ ದಂಡೆಗಳು ಮುಳುಗಿದವು.

ಚೀನಾದ ಸುಝೌ ಮೃಗಾಲಯದಲ್ಲಿ ಒಂದು ಮುದಿ ಗಂಡಿತ್ತು. ಚಾಂಗ್ಶಾ ಮೃಗಾಲಯದಲ್ಲಿ ಇದೇ ಜಾತಿಯ ಹೆಣ್ಣೊಂದು ಇದೆ ಅಂತ ತಿಳಿದದ್ದು 2007ರಲ್ಲಿ. ಅಷ್ಟು ವರ್ಷ ಅದು ಸುಮ್ನೆ ಒಂದು ದೊಡ್ಡ ಆಮೆಯಾಗಿ ಅಲ್ಲೇ ಇತ್ತು! 2008ರಲ್ಲಿ ಅದನ್ನು ಸುಝೌಗೆ ತಂದು ಜೊತೆ ಮಾಡಿದರು. ಮೊದಲ ಸಲದ ಮೊಟ್ಟೆಗಳಲ್ಲಿ ಕೆಲವಕ್ಕೆ ಚಿಪ್ಪು ತೀರಾ ತೆಳುವಾಗಿತ್ತು. ಊಟದಲ್ಲೇ ಏನೋ ಕೊರತೆ ಇರಬೇಕು ಅಂದುಕೊಂಡರು. ವರ್ಷ ವರ್ಷವೂ ಕಾದರು.

ಕೊನೆಗೆ 2015ರಲ್ಲಿ ಗಂಡಿಗೆ ಅರಿವಳಿಕೆ ಕೊಟ್ಟು ಪರೀಕ್ಷಿಸಿದಾಗ ವಿಷಯ ಹೊರಬಿತ್ತು. ಯಾವುದೋ ಕಾಲದಲ್ಲಿ ಇನ್ನೊಂದು ಗಂಡಿನ ಜೊತೆ ಕಾದಾಡಿ ಅದರ ಚಿಪ್ಪಿಗೆ ಏಟು ಬಿದ್ದಿತ್ತು, ಶಿಶ್ನವೂ ಹಾಳಾಗಿತ್ತು. ಕೂಡಲು ಅದರಿಂದ ಆಗುತ್ತಲೇ ಇರಲಿಲ್ಲ. ಏಳು ವರ್ಷ ಕಳೆದ ಮೇಲೆ ಇದು ಗೊತ್ತಾಗಿದ್ದು. ಆದರೆ ಇಂಥ ಅಪರೂಪದ, ವಯಸ್ಸಾದ ಪ್ರಾಣಿಗೆ ಅರಿವಳಿಕೆ ಕೊಡಲು ಯಾರಿಗೆ ತಾನೇ ಧೈರ್ಯ ಬರುತ್ತದೆ? ಅವರನ್ನು ನಾನಂತೂ ದೂರಲಾರೆ.

ಉಳಿದದ್ದು ಕೃತಕ ಗರ್ಭಧಾರಣೆ. ಅದೂ ಕೈಗೂಡಲಿಲ್ಲ. 2019ರ ಏಪ್ರಿಲ್‌ನಲ್ಲಿ ಐದನೇ ಪ್ರಯತ್ನ ನಡೆಯಿತು. ಮರುದಿನವೇ ಹೆಣ್ಣು ಸತ್ತಿತು. ಅದರ ಅಂಡಾಶಯದ ತುಣುಕುಗಳನ್ನು ಶೀತಲೀಕರಿಸಿ ಇಟ್ಟಿದ್ದಾರೆ.

ವಿಯೆಟ್ನಾಂ ಕಡೆಯ ಕಥೆಯೂ ಜಾಸ್ತಿ ಭಿನ್ನವಲ್ಲ. ಹನೋಯ್‌ನ ಹೊವಾನ್ ಕಿಯೆಮ್ ಕೆರೆಯ ಆಮೆಯನ್ನು ಜನ ದೇವರಂತೆ ಕಾಣುತ್ತಿದ್ದರು. ರಾಜ ಲೆ ಲೊಯ್‌ನಿಂದ ಕತ್ತಿ ವಾಪಸ್ ಪಡೆದ ಆಮೆಯ ಐತಿಹ್ಯ ಆ ಕೆರೆಯದೇ. ಅದು 2016ರಲ್ಲಿ ಸತ್ತಿತು. ಡಾಂಗ್ ಮೊ ಕೆರೆಯ ಕಟ್ಟೆ 2008ರಲ್ಲಿ ಒಡೆದಾಗ ಹೊರಬಂದ ಆಮೆಯೊಂದು ಮೀನುಗಾರನ ಕೈಗೆ ಸಿಕ್ಕಿತ್ತು. ಹೋಟೆಲಿಗೆ ಮಾರಲು ಹೊರಟವನನ್ನು ಒಪ್ಪಿಸಿ ಕೆರೆಗೆ ವಾಪಸ್ ಬಿಡಿಸಿದರು. ಅದೇ ಕೆರೆಯಲ್ಲಿ 2020ರಲ್ಲಿ 86 ಕೆಜಿಯ ಆಮೆಯನ್ನು ಹಿಡಿದು ಪರೀಕ್ಷಿಸಿದಾಗ ಹೆಣ್ಣು ಅಂತ ಖಚಿತವಾಯಿತು. ಎಲ್ಲರಿಗೂ ಆಸೆ ಚಿಗುರಿತು. 2023ರ ಏಪ್ರಿಲ್‌ನಲ್ಲಿ ಅಲ್ಲಿ ಹೆಣ್ಣಾಮೆಯ ಹೆಣ ತೇಲಿತು.

ಈಗ ಅಲ್ಲಿನ ಕೆರೆಗಳ ನೀರನ್ನು ಸೋಸಿ, ಆಮೆಯ ಚರ್ಮ, ಹಿಕ್ಕೆಗಳಿಂದ ನೀರಿಗೆ ಸೇರಿದ ಡಿಎನ್‌ಎ ಹುಡುಕುತ್ತಾರೆ. ಶುವಾನ್ ಖಾನ್ ಕೆರೆಯಲ್ಲಿ 2018ರಲ್ಲಿ ಹೀಗೇ ಸುಳಿವು ಸಿಕ್ಕಿತ್ತು. ಆದರೆ ನಾಳೆ ಹೆಣ್ಣೇ ಸಿಕ್ಕಿತು ಅಂತಿಟ್ಟುಕೊಳ್ಳಿ. ಬೇರೆ ಗಂಡು ಸಿಗದಿದ್ದರೆ, ಮತ್ತೆ ನೆಚ್ಚಿಕೊಳ್ಳಬೇಕಾದದ್ದು ಸುಝೌನ ಅದೇ ಮುದಿ ಗಂಡನ್ನು.